ಚಿಲ್ಲಿ ಅಂಗಡಿಯಲ್ಲಿ ಸಿಕ್ಕಿದ ಮಾವ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಮಾವನವರು ವಾಷಿಂಗ್ಟನ್ನಿನಲ್ಲಿ ಒಂದೂವರೆ ಗಂಟೆ ಕಳೆದುಹೋಗಿದ್ದರು. ಧಾರವಾಡದಿಂದ ಬಂದು ಇನ್ನೂ ಹತ್ತು ದಿನ. ಇಂಗ್ಲಿಷ್ ಅಷ್ಟಕ್ಕಷ್ಟೆ. ಮೆಟ್ರೋದಿಂದ ನಾನು ಇಳಿದೆ. ಅವರು ಇಳಿಯುವ ಮೊದಲೇ ಬಾಗಿಲು ಮುಚ್ಚಿ ರೈಲು ಹೊರಟಿತು.

ಮುಂದಿನ ಮೂರು ನಿಲ್ದಾಣಗಳಲ್ಲಿ ಹುಡುಕಿದೆ, ಇರಲಿಲ್ಲ. ಪೊಲೀಸರಿಗೆ ತಿಳಿಸಲು ಪೇ ಫೋನ್ ಹುಡುಕುತ್ತಾ ಮೂರನೆಯದರಿಂದ ರಸ್ತೆಗೆ ಬಂದೆ. ಎದುರಿಗೇ ಭಾನುವಾರ ನಾವೆಲ್ಲ ಹೋಗಿದ್ದ ಹಳೇ ಚಿಲ್ಲಿ ಅಂಗಡಿ; ಚಿಲ್ಲಿ ಅಂದರೆ ಇಲ್ಲಿನವರ ಮಾಂಸ, ಬೀನ್ಸ್ ಹಾಕಿದ ಖಾರದ ಗಟ್ಟಿ ಸಾರು. ಒಳಗೆ ಕೌಂಟರಿನ ಸ್ಟೂಲಿನ ಮೇಲೆ ಮಾವ ಕೂತು, ಮಾಂಸವಿಲ್ಲದ ಬೀನ್ಸ್ ಚಿಲ್ಲಿ ತಿನ್ನುತ್ತಿದ್ದರು.

“ಮಾವ, ನನ್ ಜೀವಾನೇ ಹೋಗಿತ್ತು. ಇಲ್ಲಿಗ್ ಹೇಗ್ ಬಂದ್ರಿ?”

“ನನಗ ಗೊತ್ತಿದ್ದ ಜಾಗಾ ಇದೊಂದ. ‘ಚಿಲ್ಲಿ, ಚಿಲ್ಲಿ’ ಅಂತ ಕೇಳಿದೆ. ಎಲ್ಲಾರೂ ಕೈ ಮಾಡಿ ತೋರಿಸಿದ್ರು. ನೀ ಯಾಕ ಅಳಾಕತ್ತಿ?”

ಬಡಿಸುವ ಹೆಂಗಸು ನನಗೂ ಒಂದು ಬಟ್ಟಲು ತಂದಿಟ್ಟು, “ಕೂತ್ಕೋ ಕಂದಾ, ನೀನು ಬರೋ ತನಕ ಇವರನ್ನ ನಾನು ಹೊರಗೆ ಬಿಡ್ತಾನೇ ಇರ್ಲಿಲ್ಲ,” ಎಂದಳು. ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ.

ಮಾವ ಅವಳ ಕಡೆ ನೋಡಿದರು. “ಇಷ್ಟ ಛಲೋ ಹೆಣ್ಮಗಳು,” ಎಂದರು, “ಆದರ ಖಾರ ಸಾಲಂಗಿಲ್ಲ. ಆಕಿಗೆ ನೀನ ಹೇಳು.”

ನಾನು ಹೇಳಲಿಲ್ಲ. ಅಲ್ಲಿಗೆ ಮುಂದೆಯೂ ಹೋಗಬೇಕಲ್ಲ.