ಸಮುದ್ರಕ್ಕೆ ನೀರು ಬೆರೆಸಿದವನು

ಧನಪಾಲ ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ಶೇಡಬಾಳದ ಹಾಲಿನ ಡೇರಿಯಲ್ಲಿ ಇಪ್ಪತ್ತಾರು ವರ್ಷ ಹಾಲು ಪರೀಕ್ಷೆ ಮಾಡಿದವನು ಅವನು. ಕ್ಯಾನಿನಿಂದ ಸ್ವಲ್ಪ ಹಾಲು ತೆಗೆದು, ಅದರಲ್ಲಿ ಲ್ಯಾಕ್ಟೋಮೀಟರಿನ ಗಾಜಿನ ಕೊಳವೆ ಬಿಟ್ಟು, ಅದು ತೇಲಿ ನಿಂತ ಗೆರೆ ಓದುತ್ತಿದ್ದ. ನೀರು ಬೆರೆತಿದ್ದರೆ ಕ್ಯಾನನ್ನು ಮಾತಿಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದ. ಊರಿನವರು ಅವನ ಬಗ್ಗೆ ಹೇಳುವುದು ಇಷ್ಟನ್ನೇ. ನಾನು ಹೇಳಬೇಕೆಂದಿರುವುದು ೧೯೮೭ರ ಐದು ತಿಂಗಳ ಸಂಗತಿ.

ನಾನಾಗ ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತಂಗಿ ಖೈರುನ್ನಿಸಾಳನ್ನು ಕೊಂಕಣದ ವೆಂಗುರ್ಲಾಕ್ಕೆ ಕೊಟ್ಟಿತ್ತು. ಆ ಜೂನಿನಲ್ಲಿ ಅವಳ ಮನೆಯಿಂದ ಬರುವಾಗ ಒಂದು ಕ್ಯಾನಿನ ತಳಕ್ಕೆ ಕೆಸರು ಹಾಕಿ ನಾಲ್ಕು ನಿವಟಿ ತಂದಿದ್ದೆ. ಸಮುದ್ರದ ನೀರು ಹೊಳೆಯ ನೀರು ಕೂಡುವ ಕಡೆ, ಕೆಸರಿನಲ್ಲಿ ಬದುಕುವ ಬೆರಳುದ್ದದ ಮೀನು ಅದು. ನೀರು ಬಿಟ್ಟು ಮೇಲೆ ಬಂದು ಎದೆಯ ಹತ್ತಿರದ ರೆಕ್ಕೆ ಊರಿ ತೆವಳುತ್ತದೆ, ಜಿಗಿಯುತ್ತದೆ. ಮಕ್ಕಳಿಗೆ ಎರಡು ದಿನ ತೋರಿಸಿ ಆಮೇಲೆ ಫಾರ್ಮಲಿನ್ ಬಾಟಲಿಯಲ್ಲಿ ಇಡುವುದು ನನ್ನ ವಿಚಾರ. ಹಾಲು ತರಲು ಡೇರಿಗೆ ಹೋದಾಗ ಮೀನಿನ ಕ್ಯಾನೂ ಕೈಯಲ್ಲಿತ್ತು, ಇದನ್ನೇ ಹೇಳುತ್ತಿದ್ದೆ. ಧನಪಾಲ ಅದರ ಮುಚ್ಚಳ ತೆಗೆದ. ಒಂದು ನಿವಟಿ ರೆಕ್ಕೆ ಊರಿ ಎದ್ದು, ತಲೆಯ ಮೇಲಿನ ಕಣ್ಣುಗಳನ್ನು ಒಳಕ್ಕೆಳೆದುಕೊಂಡು ಮತ್ತೆ ಹೊರಗೆ ಬಿಟ್ಟಿತು.

“ಬಾಟಲ್ಯಾಗ ಹಾಕಬ್ಯಾಡ್ರಿ ಮಾಸ್ತರ,” ಅಂದ. “ದೀಪಾವಳಿಗೆ ತಂಗಿ ಮನಿಗೆ ಹೋಗ್ತೀರಲ್ಲ, ಅಲ್ಲೀತನಕ ನನ್ನ ಕಡೆ ಇರಲಿ. ಹೊಳ್ಳಿ ಅಲ್ಲೇ ಬಿಡೂಣು.”

ಅವನು ಜೈನ, ಹೊತ್ತು ಮುಳುಗುವ ಮುಂಚೆ ಉಂಡು, ನೀರನ್ನು ಸೋಸಿ ಕುಡಿಯುವವನು. ಮೀನು ಸಾಕುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಡೇರಿಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ತೊಟ್ಟಿ ಮಾಡಿಸಿದ. ಅರ್ಧ ನೀರು, ಅರ್ಧ ಇಳಿಜಾರಾದ ಕೆಸರಿನ ದಂಡೆ. ಉಪ್ಪಿಗೆ ಅವನು ಹುಡುಕಿದ ದಾರಿ ನಮ್ಮ ಊರಿನದೇ. ಕಬ್ಬಿಗೆ ನೀರು ಹರಿಸಿ ಹರಿಸಿ ಸವಳಾದ ಹೊಲಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೇಸಿಗೆಯಲ್ಲಿ ಅವುಗಳ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಅಂಥ ಮಣ್ಣನ್ನು ಎರಡು ಬುಟ್ಟಿ ತಂದು ಕದಡಿದ. ಉಪ್ಪು ಎಲ್ಲಿದ್ದರೂ ಉಪ್ಪೇ ಎಂದು ಅವನ ಲೆಕ್ಕ. ನಾನೂ ಹೂಂ ಅಂದೆ. ಮರುದಿನ ಬೆಳಿಗ್ಗೆ ಒಂದು ಸತ್ತಿತ್ತು. ಸವಳು ಮಣ್ಣಿನಲ್ಲಿ ಬಟ್ಟೆ ಒಗೆಯುವ ಸೋಡಾದಂಥ ಕ್ಷಾರವೂ ಇರುತ್ತದೆಂದು ಮಕ್ಕಳಿಗೆ ಪಾಠ ಹೇಳುವ ನನಗೆ ಆಗ ನೆನಪಾಯಿತು.

ಆಮೇಲೆ ತಂಗಿಯ ಗಂಡ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತುಂಬಿ ಎಸ್‌ಟಿ ಬಸ್ಸಿಗೆ ಹಾಕತೊಡಗಿದರು. ನಾನು ಮಿರಜಿಗೆ ಹೋಗಿ ಇಳಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ತರುತ್ತಿದ್ದೆ. ಧನಪಾಲ ಡೇರಿಯ ಲ್ಯಾಕ್ಟೋಮೀಟರ್ ಮುಟ್ಟಲಿಲ್ಲ, ಮೀನಿಗೆಂದೇ ಬೇರೆಯದನ್ನು ಕೊಂಡ. ಸಮುದ್ರದ ನೀರಿನಲ್ಲಿ ಅದು ಇಪ್ಪತ್ತೈದಕ್ಕೆ ನಿಲ್ಲುತ್ತಿತ್ತು. ಬಾವಿಯ ನೀರು ಬೆರೆಸುತ್ತ ಹೋಗಿ ಹನ್ನೆರಡಕ್ಕೆ ತರುತ್ತಿದ್ದ. ನೀರು ಆವಿಯಾಗಿ ಕಡಿಮೆಯಾದರೆ ಮೊದಮೊದಲು ಉಪ್ಪುನೀರನ್ನೇ ಸುರಿದ. ಗೆರೆ ಹದಿನೆಂಟಕ್ಕೆ ಏರಿತು. ನೀರಷ್ಟೇ ಹಾರುತ್ತದೆ, ಉಪ್ಪು ಉಳಿಯುತ್ತದೆ ಎಂಬುದು ಹೊಳೆದ ಮೇಲೆ ಬರೀ ಸಿಹಿನೀರು ಹಾಕಿದ. ದಂಡೆಯ ಗಾಳಿ ತೇವವಾಗಿರಲೆಂದು ಮೇಲೆ ಗಾಜು ಮುಚ್ಚಿ ಒಂದು ಬೆರಳಿನಷ್ಟು ಸಂದಿ ಬಿಡುತ್ತಿದ್ದ.

ನೀರು ಬೆರೆತ ಹಾಲು ತಂದು ಎರಡು ಸಲ ವಾಪಸು ಹೋಗಿದ್ದ ಬಾಳಾಸಾಬನಿಗೆ ಒಳ್ಳೆಯ ಅವಕಾಶ ಸಿಕ್ಕಿತು. “ನಾ ಹಾಲಿಗೆ ನೀರ ಹಾಕಿದ್ರ ಪಾಪ, ನೀ ಸಮುದ್ರಕ್ಕ ಹಾಕಿದ್ರ ಧರ್ಮ ಏನಲೇ ಧನ್ಯಾ?” ಅಂದ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ. ಧನಪಾಲನೂ ನಕ್ಕ. ಆ ದಿನದ ಹಾಲು ಸರಿಯಿತ್ತು, ತೆಗೆದುಕೊಂಡ.

ಆದರೆ ಮೊದಲ ದಿನಗಳಲ್ಲಿ ಮೀನುಗಳು ಏನೂ ತಿನ್ನುತ್ತಿರಲಿಲ್ಲ. ಹಿಟ್ಟಿನ ಉಂಡೆ, ನೆನೆಸಿದ ಕಡಲೆ, ಯಾವುದನ್ನೂ ಮೂಸಲಿಲ್ಲ. ಆರನೆಯ ದಿನ ಹೇಳಿಯೇಬಿಟ್ಟೆ: ಇವು ತಿನ್ನುವುದು ಹುಳ, ಸಿಗಡಿ.

ಧನಪಾಲ ಕೈಯಲ್ಲಿದ್ದ ಕಡಲೆ ಕೆಳಗಿಟ್ಟ. “ಮೂರು ಜೀವಾ ಉಳಸಾಕ ನೂರು ಜೀವಾ ತಗೋಬೇಕೇನ್ರಿ?”

ಮಿರಜಿನ ಸಂತೆಯಲ್ಲಿ ಜವಳಾ, ಅಂದರೆ ಒಣಗಿಸಿದ ಸಣ್ಣ ಸಿಗಡಿ, ಸಿಗುತ್ತದೆ, ಅದು ಹೇಗೂ ಸತ್ತದ್ದು ಎಂದೆ.

“ಸತ್ತಾವೋ, ಕೊಂದಾರೋ?”

ನೀರು ನೀನು ನೋಡಿಕೋ, ಊಟ ನಾನು ಹಾಕುತ್ತೇನೆ ಎಂದೆ. ಮರುದಿನ ಸಂಜೆ ಕೋಣೆಯ ಬೀಗದ ಕೈ ನನ್ನ ಕೈಯಲ್ಲಿಟ್ಟು ಗೇಟಿನ ಹತ್ತಿರ ಹೋಗಿ ನಿಂತ. ನಾನು ಡಬ್ಬಿಯಿಂದ ಜವಳಾ ತೆಗೆದು ನೆನೆಸಿ ಚಿಮಟಿಗೆಯಲ್ಲಿ ಹಿಡಿದರೆ ಮೂರೂ ಓಡಿ ಬಂದವು. ದಿನಾ ಹೀಗೆಯೇ ನಡೆಯಿತು. ನಾನು ಹೊರಗೆ ಬಂದ ಮೇಲೆಯೇ ಅವನು ಒಳಗೆ ಹೋಗುತ್ತಿದ್ದ.

ಭಾದ್ರಪದದಲ್ಲಿ ನನಗೆ ಟೈಫಾಯ್ಡ್ ಆಯಿತು. ಮಿರಜಿನ ದವಾಖಾನೆಯಲ್ಲಿ ಎರಡು ವಾರ ಮಲಗಿದೆ. ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂದದ್ದೂ ಅದೇ ದಿನಗಳಲ್ಲಿ. ಧನಪಾಲ ಉಪವಾಸ, ವ್ರತ ಎಂದು ಬಸದಿಯಲ್ಲಿ ಇರುವವನು. ಮೀನುಗಳು ಸತ್ತೇ ಹೋದವೆಂದು ನಾನು ಹಾಸಿಗೆಯಲ್ಲೇ ಕೈ ತೊಳೆದುಕೊಂಡಿದ್ದೆ.

ವಾಪಸು ಬಂದವನು ಸ್ಟೇಶನ್ನಿನಿಂದ ನೇರ ಡೇರಿಗೆ ಹೋದೆ. ಮೂರೂ ದಂಡೆಯ ಮೇಲಿದ್ದವು. ಒಂದು ಇನ್ನೊಂದಕ್ಕೆ ಬೆನ್ನಿನ ರೆಕ್ಕೆ ಎತ್ತಿ ಹೆದರಿಸುತ್ತಿತ್ತು. ನಾನು ತುಂಬಿಟ್ಟು ಹೋಗಿದ್ದ ಜವಳಾ ಡಬ್ಬಿ ಅರ್ಧಕ್ಕೆ ಇಳಿದಿತ್ತು. ನಾನು ಎಂದೂ ತೊಳೆಯದ ಚಿಮಟಿಗೆ ತೊಳೆದು ಮೊಳೆಗೆ ತೂಗುಹಾಕಿತ್ತು. ಧನಪಾಲ ಬಗ್ಗಿ ಲ್ಯಾಕ್ಟೋಮೀಟರ್ ನೋಡುತ್ತಿದ್ದ. ತೀರ ಸೊರಗಿದ್ದ.

“ಹನ್ನೆರಡಕ್ಕ ಐತ್ರಿ,” ಅಂದ. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ದೀಪಾವಳಿಗೆ ಇಬ್ಬರೂ ವೆಂಗುರ್ಲಾಕ್ಕೆ ಹೋದೆವು. ನೀರು ಇಳಿದಿದ್ದ ಹೊತ್ತಿನಲ್ಲಿ ಕೆಸರಿನ ಮೇಲೆ ಕ್ಯಾನ್ ಮಲಗಿಸಿದ. ಎರಡು ತಕ್ಷಣ ಹೋದವು. ಮೂರನೆಯದು ಅವನ ಪಾದದ ಹತ್ತಿರ ಸ್ವಲ್ಪ ಹೊತ್ತು ಕೂತಿತ್ತು. ಅದು ಹೋಗುವವರೆಗೆ ಅವನು ಕಾಲು ಎತ್ತಲಿಲ್ಲ.

ಆಮೇಲೆ ಹನ್ನೊಂದು ವರ್ಷ ಮಧ್ಯಾಹ್ನ ಡೇರಿಯ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲೇ ಉಂಡೆವು, ಅವನ ಡಬ್ಬಿ ಅವನಿಗೆ, ನನ್ನದು ನನಗೆ. ಒಮ್ಮೆ ಅವನ ಪಲ್ಯಕ್ಕೆ ಕೈ ಚಾಚಿದೆ. “ನಿಮಗ ರುಚಿ ಹತ್ತೂದಿಲ್ರಿ,” ಎಂದು ನಕ್ಕು ಮುಚ್ಚಳ ಮುಚ್ಚಿದ. ಮಡಿ ಇರಬೇಕು ಅಂದುಕೊಂಡೆ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ದುಂಡವ್ವ ಆ ಲ್ಯಾಕ್ಟೋಮೀಟರನ್ನು ಅರಿವೆಯಲ್ಲಿ ಸುತ್ತಿ ತಂದು ಕೊಟ್ಟರು. ನನಗೇ ಕೊಡಬೇಕೆಂದು ಅವನು ಹೇಳಿದ್ದನಂತೆ. ಆಮೇಲೆ ಅಂದರು: “ಹನ್ನೊಂದು ವರ್ಷ ಎರಡು ಗಡಿಗಿ ಅಡಗಿ ಮಾಡೀನ್ರಿ ಮಾಸ್ತರ. ಅವರದಕ್ಕ ಉಪ್ಪ ಹಾಕತಿದ್ದಿಲ್ಲ. ನೀವು ಮಿರಜ ದವಾಖಾನ್ಯಾಗ ಇದ್ರಲ್ಲ, ಆ ದಶಲಕ್ಷಣದಾಗ ಜೀವ ಇರೂತನಕ ಉಪ್ಪ ಬಿಟ್ಟೆ ಅಂದ್ರು. ಯಾತರ ಪ್ರಾಯಶ್ಚಿತ್ತ ಅಂತ ಹೇಳಲಿಲ್ಲ. ನಿಮಗೇನರ ಗೊತ್ತೈತೇನ್ರಿ?”

ಜವಳಾ ಡಬ್ಬಿಯ ವಿಷಯ ಹೇಳಿದೆ. ಚಿಮಟಿಗೆಯ ವಿಷಯವನ್ನೂ ಹೇಳಿದೆ. ಅವರು ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

“ಅವು ಬದುಕಿದ್ವೇನ್ರಿ?”

ಮೂರೂ ಬದುಕಿದವು ಎಂದೆ.