ಆಮೆನ್‌ಗೆ ಮುಂಚಿನ ಸದ್ದು

ಅವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮರಾಠಿ ಸೀಮೆಯ ಈ ವಾಘೋಲಿಯಲ್ಲಿ ನಮ್ಮ ಮನೆ ಇರುವುದು ಎರಡನೇ ಮಹಡಿಯಲ್ಲಿ. ಅರ್ಧದಷ್ಟೇ ಹತ್ತಿದ್ದೆವು. ಅವಳ ಕೈಯಲ್ಲಿ ಒಂದು ಕಟ್ಟು ಮೆಂತ್ಯೆಸೊಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಬೆಟಗೇರಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಾಗ ಅನ್ನದ ದೊಡ್ಡ ಪಾತ್ರೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದ ಹೆಂಗಸು ಅವಳು.

“ಏನಾತವ್ವ?”

“ಏನಿಲ್ಲ. ಉಸರು ಸಾಲವಲ್ದು. ನೀ ಮುಂದ ನಡಿ, ನಾ ಬರ್ತೀನಿ.”

ನಾನು ಮುಂದೆ ಹೋಗಲಿಲ್ಲ. ಅವಳ ತುಟಿಯ ಬಣ್ಣ ನೋಡುತ್ತ ಅಲ್ಲೇ ನಿಂತೆ.

ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಹಾರ್ಟ್ ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಚಿಕ್ಕಂದಿನಲ್ಲಿ ಇವರಿಗೆ ಜ್ವರ ಬಂದು ಕೀಲುಗಳು ಊದಿಕೊಂಡಿದ್ದವೇ ಎಂದು. ನಾನು ಕನ್ನಡದಲ್ಲಿ ಕೇಳಿದಾಗ ಅವ್ವ ನಕ್ಕಳು. “ಸಣ್ಣವರಿದ್ದಾಗ ಎಲ್ಲಾರಿಗೂ ಬರ್ತಿತ್ತು. ಒಲಿ ಮುಂದ ಕುಂತರ ಹೋಗ್ತಿತ್ತು ಅಂತ ಹೇಳು.”

ಹೋಗಿರಲಿಲ್ಲ.

ಆ ಜ್ವರ ಅಷ್ಟು ವರ್ಷ ಅವಳ ಹೃದಯದೊಳಗೇ ಕೂತಿತ್ತು. ಮೈಟ್ರಲ್ ವಾಲ್ವ್ ಎಂಬ ಹೃದಯದ ಬಾಗಿಲು ಗಟ್ಟಿಯಾಗಿ, ಕಿರಿದಾಗಿ, ರಕ್ತ ಹಾಯಲು ಸಂದಿಯಷ್ಟೇ ಉಳಿದಿತ್ತು. ಅದನ್ನು ತೆಗೆದು ಲೋಹದ ವಾಲ್ವ್ ಹಾಕಬೇಕು ಎಂದರು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಲೆಯ ಹೊಗೆ ಕುಡಿದು ನನ್ನನ್ನು ಬಿ.ಎಸ್ಸಿ. ಓದಿಸಿದಳು. ಈಗ ರಾಂಜಣಗಾಂವದ ಔಷಧಿ ಫ್ಯಾಕ್ಟರಿಯ ಲ್ಯಾಬಿನಲ್ಲಿ ಗುಳಿಗೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಗುಳಿಗೆ ನೀರಿಗೆ ಬಿದ್ದ ಮೇಲೆ ಎಷ್ಟು ಬೇಗ ಕರಗುತ್ತದೆ, ಔಷಧಿ ಎಷ್ಟು ಹೊರಬರುತ್ತದೆ ಎಂದು ದಿನವೂ ನೋಡುತ್ತೇನೆ. ಆದರೆ ಆಪರೇಷನ್ನಿನ ದಿನ ಥಿಯೇಟರಿನ ಹೊರಗೆ ಕೂತಾಗ ನನಗೆ ಯಾವ ಕೆಮಿಸ್ಟ್ರಿಯೂ ನೆನಪಾಗಲಿಲ್ಲ. ಯೇಸುಸ್ವಾಮಿ, ಯೇಸುಸ್ವಾಮಿ ಎಂದಷ್ಟೇ ಅನ್ನುತ್ತಿದ್ದೆ.

ಅವ್ವ ಉಳಿದಳು.

ವಾರ್ಡಿಗೆ ತಂದ ಮೇಲೆ ಅವಳ ಹತ್ತಿರ ಬಗ್ಗಿದಾಗ ಕೇಳಿಸಿತು. ಟಿಕ್, ಟಿಕ್. ಸೆರಗಿನೊಳಗೆ ಕೈಗಡಿಯಾರ ಬಚ್ಚಿಟ್ಟಂತೆ. ನಾನು ಗಾಬರಿಯಿಂದ ಡಾಕ್ಟರಮ್ಮನ ಮುಖ ನೋಡಿದೆ. “ಆವಾಜ ಯೇಣಾರಚ, ಘಾಬರೂ ನಕಾ,” ಎಂದರು. ಸದ್ದು ಬರಲೇಬೇಕು, ಬಾಗಿಲು ತೆರೆದು ಮುಚ್ಚುವ ಸದ್ದದು. ಒಂದೇ ಎಚ್ಚರಿಕೆ: ಲೋಹದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ರಕ್ತ ತೆಳುಮಾಡುವ ಗುಳಿಗೆ ದಿನಾ ಬೇಕು. ಜೀವ ಇರುವವರೆಗೆ. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಲು ಆಗಾಗ ಐ.ಎನ್.ಆರ್. ಟೆಸ್ಟ್. ಸೊಪ್ಪು ಗುಳಿಗೆಯ ಬಲ ತಗ್ಗಿಸುತ್ತದೆ, ಅದನ್ನೂ ಅಳತೆಯಲ್ಲಿ ತಿನ್ನಬೇಕು.

“ಹಸಿ ಮೆಂತ್ಯೆ ಇಲ್ಲದ ರೊಟ್ಟಿ ಹೆಂಗ ತಿನ್ನೂದು?” ಅವ್ವನಿಗೆ ಇದೊಂದೇ ದುಃಖ. “ಎದಿ ಸೀಳಿದ್ದು ಸಾಲಲಿಲ್ಲೇನು ಇವರಿಗೆ?”

ನಮ್ಮ ಮನೆಯಲ್ಲಿ ಅಪ್ಪ ಹಾಕಿದ ಒಂದು ರೂಢಿಯಿದೆ. ಊಟಕ್ಕೆ ಮುಂಚೆ, ಬಡಿಸಿದವರು ದೇವರಿಗೆ ಸ್ತೋತ್ರ, ಅಂದರೆ ಧನ್ಯವಾದ, ಹೇಳಬೇಕು. ಆಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮನಸ್ಸಿನಲ್ಲಿರುವುದನ್ನು ಕರ್ತನಿಗೆ ಹೇಳಿಕೊಳ್ಳಬೇಕು. ಕೊನೆಗೆ ಬಡಿಸದೆ ಕೂತವರು ಆಮೆನ್ ಅನ್ನಬೇಕು. ಆಮೆನ್ ಆಗುವ ತನಕ ತಟ್ಟೆ ಮುಟ್ಟುವಂತಿಲ್ಲ. ಬಡಿಸುವವಳು ಅವ್ವ, ಹಾಗಾಗಿ ಆಮೆನ್ ನನ್ನ ಪಾಲಿನದು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಆ ಮೌನದಲ್ಲಿ ಅವಳ ಎದೆಯ ಸದ್ದು ಕೇಳತೊಡಗಿತು. ನಾನು ಏನೂ ಬೇಡುತ್ತಿರಲಿಲ್ಲ, ಅದನ್ನೇ ಕೇಳುತ್ತ ಕೂರುತ್ತಿದ್ದೆ. ಕಿವಿ ತುಂಬಿದ ಮೇಲೆ ಆಮೆನ್.

ನಮ್ಮ ಕನ್ನಡ ಸಭೆಗೆ ಸ್ವಂತ ಗುಡಿಯಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಾವು ಸೇರುತ್ತೇವೆ. ಅವ್ವ ಓಡಾಡುವಂತಾದ ಮೇಲಿನ ಒಂದು ಭಾನುವಾರ ಸಭಾಪಾಲಕರು ಸಾಕ್ಷಿ ಹೇಳುವವರು ಏಳಬಹುದು ಎಂದರು. ಕರ್ತನು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದೇ ನಮ್ಮಲ್ಲಿ ಸಾಕ್ಷಿ. ಅವ್ವ ತನ್ನ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು.

“ನಾ ಸಾಯಾಕಿ ಇದ್ದೆ. ಯೇಸುಸ್ವಾಮಿ ನನ್ನ ಪೂರಾ ಗುಣಾ ಮಾಡ್ಯಾನ. ಅವನಿಗೆ ಸ್ತೋತ್ರ.”

ಎಲ್ಲರೂ ಸ್ತೋತ್ರ ಎಂದರು. ನಾನೂ ಅಂದೆ, ಅಳುತ್ತಲೇ. ಆಮೇಲೆ ಅವ್ವ ಎಲ್ಲರಿಗೂ ಶೇಂಗಾ ಹೋಳಿಗೆ ಹಂಚಿದಳು.

ಅದಾದ ಕೆಲವು ವಾರಗಳಿಗೆ, ಮುಂದಿನ ಟೆಸ್ಟಿಗೆ ಇನ್ನೂ ದಿನಗಳಿರುವಾಗ, ಒಂದು ಸಂಜೆ ನಾನು ಕಂಪನಿ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆದರೆ ಸ್ಟೂಲಿನ ಮೇಲೆ ಕೂತು. ಬಿಸಿಲಿಗೆ ಸುಸ್ತು ಎಂದಳು. ಬಡಿಸಿದಳು. ಸ್ತೋತ್ರ ಹೇಳಿದಳು. ಇಬ್ಬರೂ ಸುಮ್ಮನಾದೆವು.

ಸದ್ದಿಲ್ಲ.

ಫ್ಯಾನ್ ಇರಬಹುದು ಎಂದು ಎದ್ದು ಫ್ಯಾನ್ ಆರಿಸಿದೆ. ಮತ್ತೆ ಕೂತೆ. ಕೆಳಗೆ ಯಾರೋ ಸ್ಕೂಟರ್ ನಿಲ್ಲಿಸಿದ್ದು ಕೇಳಿಸಿತು. ಪಕ್ಕದ ಮನೆಯ ಕುಕ್ಕರ್ ಕೇಳಿಸಿತು. ಅವ್ವ ಮಾತ್ರ ಕೇಳಿಸಲಿಲ್ಲ.

“ಆಮೆನ್ ಅನ್ನವ್ವಾ, ರೊಟ್ಟಿ ಆರ್ತದ,” ಎಂದಳು. ಆ ನಾಲ್ಕು ಮಾತಿನ ನಡುವೆಯೇ ಒಮ್ಮೆ ಉಸಿರೆಳೆದುಕೊಂಡಳು.

ನಾನು ಅವಳ ಎದೆಗೆ ಕಿವಿಯಿಟ್ಟೆ. ಎಲ್ಲೋ ಆಳದಲ್ಲಿ ಬಟ್ಟೆ ಸುತ್ತಿ ಬಡಿದಂಥ ಮೆತ್ತನೆಯ ಸದ್ದು.

“ಅವ್ವ, ಗುಳಿಗಿ ತೊಗೋತಿ ಇಲ್ಲೋ?”

ಅವಳು ಸುಳ್ಳು ಹೇಳಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಗತಿ. “ಇಲ್ಲ,” ಎಂದಳು. “ಸಾಕ್ಷಿ ಹೇಳಿದ ದಿನದಿಂದ ಬಿಟ್ಟೀನಿ.”

“ಯಾಕ?”

“ಪೂರಾ ಗುಣಾ ಮಾಡ್ಯಾನ ಅಂತ ಸಭಾದಾಗ ನಿಂತು ಹೇಳೀನಲ್ಲ. ಅಂದು ಬಂದು ಮನ್ಯಾಗ ಗುಳಿಗಿ ನುಂಗಿದರ? ಸುಳ್ಳು ಸಾಕ್ಷಿ ಹೇಳಿದಂಗ ಆಗೂದಿಲ್ಲೇನು? ಅವನ ಹೆಸರಿಲೆ?”

“ನಾ ಹಾಕಿಟ್ಟ ಗುಳಿಗಿ ಡಬ್ಬಿ ದಿನಾ ಖಾಲಿ ಇರ್ತಿತ್ತಲ್ಲವ್ವ!”

“ತೆಗದು ಇಡ್ತಿದ್ದೆ. ಔಷಧ ಚೆಲ್ಲಬಾರದು. ಬ್ಯಾರೆ ಯಾರಿಗರ ಆಗ್ತದ.” ಸೆರಗು ಸರಿಮಾಡಿಕೊಂಡು, “ನೀ ಕೇಳಿದ್ದರ ಹೇಳ್ತಿದ್ದೆ. ನೀ ಕೇಳಲಿಲ್ಲ.”

ಸೂಜಿ ದಾರ ಇಡುವ ಡಬ್ಬಿಯಲ್ಲಿ ಅಷ್ಟೂ ಗುಳಿಗೆಗಳು ಇದ್ದವು. ದಿನವಿಡೀ ಗುಳಿಗೆ ಕರಗುವುದನ್ನು ನೋಡುವವಳು ನಾನು. ನನ್ನ ಮನೆಯಲ್ಲಿ ಒಂದೂ ಕರಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮತ್ತೆ ಎಕೋ ಮಾಡಿ, ಪರದೆ ನನ್ನ ಕಡೆ ತಿರುಗಿಸಿದರು. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಎರಡು ಬಾಗಿಲಲ್ಲಿ ಒಂದು ಅಲುಗಾಡುತ್ತಿರಲಿಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ನಿಧಾನವಾಗಿ ಡ್ರಿಪ್ಪಿನಲ್ಲಿ ಕೊಡುತ್ತೇವೆ ಎಂದರು. ಕರಗಬಹುದು. ಕರಗದಿದ್ದರೆ ಮತ್ತೆ ಎದೆ ತೆರೆಯಬೇಕು. ಒಂದು ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ. ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಅವರು ಒಂದೊಂದನ್ನೇ ಹೇಳುತ್ತ ಹೋದರು, ನಾನು ತಲೆಯಾಡಿಸುತ್ತ ಹೋದೆ. ಓದಿದವಳೆಂದು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಎಲ್ಲವೂ ಅರ್ಥವಾಯಿತು. ಅರ್ಥವಾಗದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಐಸಿಯುನಲ್ಲಿ ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಡ್ರಿಪ್ ಶುರುವಾಗಿತ್ತು. ನಾನು ಅವ್ವನ ಕೈ ಹಿಡಿದು, “ಕರ್ತನೇ, ಅವ್ವನ್ನ ಉಳಿಸಪ್ಪಾ,” ಎಂದು ಶುರು ಮಾಡಿದೆ.

ಆಕ್ಸಿಜನ್ ಮಾಸ್ಕಿನೊಳಗಿಂದ ಅವ್ವ ತಡೆದಳು. “ಬೇಡೂದು ಆಮ್ಯಾಲ. ಮೊದಲ ಸ್ತೋತ್ರ ಹೇಳು.”

“ಯಾತಕ್ಕ ಹೇಳಲವ್ವ? ಈ ಪರಿ ಬಿದ್ದೀದಿ, ಯಾತಕ್ಕ ಹೇಳಲಿ?”

“ಬಿ.ಎಸ್ಸಿ. ಓದೀದಿ. ಹುಡುಕು.”

ಸಿಟ್ಟು ಬಂತು. ಈ ಸ್ತೋತ್ರವೇ ಇವಳನ್ನು ಇಲ್ಲಿಗೆ ತಂದಿತಲ್ಲ ಎಂದೂ ಅನ್ನಿಸಿತು. ಆದರೂ ಹುಡುಕಿದೆ. ಅವಳ ಬೆರಳು ಬೆಚ್ಚಗಿತ್ತು, ಅದಕ್ಕೆ ಸ್ತೋತ್ರ ಅಂದೆ. ತಲೆದಿಂಬು ಸರಿಮಾಡಿ ಹೋದ ಸಿಸ್ಟರ್‌ಗಾಗಿ ಸ್ತೋತ್ರ. ಎಲ್ಲೋ ಒಂದು ಲ್ಯಾಬಿನಲ್ಲಿ ನನ್ನಂಥವರೇ ಯಾರೋ ಈ ಡ್ರಿಪ್ಪಿನ ಔಷಧಿಯನ್ನು ಪರೀಕ್ಷಿಸಿ ಕಳಿಸಿದ್ದಾರೆ, ಅವರಿಗಾಗಿ ಸ್ತೋತ್ರ. ಯೇಸುಸ್ವಾಮಿ, ನೀನೂ ಮೈಯಲ್ಲಿ ನೋವು ತಿಂದವನು, ನಿನಗೆ ಇದು ಗೊತ್ತಿದೆ, ಅದಕ್ಕೂ ಸ್ತೋತ್ರ. ಬೇಡಿಕೆ ಹೇಳಲು ಆಗಲೇ ಇಲ್ಲ. ಸಿಸ್ಟರ್ ಬಂದು ಸಾಕು, ಹೊರಡಿ ಎಂದರು.

ಹೊರಗೆ ಸಭಾಪಾಲಕರು ಕೂತಿದ್ದರು. ಬಿಜಾಪುರದ ಕಡೆಯವರು, ದೊಡ್ಡ ಗಂಟಲು. ಕಾರಣ ಕೇಳಿ ತಲೆಗೆ ಕೈಹಚ್ಚಿಕೊಂಡರು. “ಅಯ್ಯೋ ಎಸ್ತರ್, ನಾ ದಿನಾ ಬಿ.ಪಿ. ಗುಳಿಗಿ ತಿಂದೇ ಪ್ರಸಂಗ ಮಾಡ್ತೀನಲ್ಲವಾ! ನಿಮ್ಮವ್ವ ನನ್ನನ್ನರ ಒಂದು ಮಾತು ಕೇಳಬಾರದಿತ್ತ?”

ಕಾಯುವುದೆಂದರೆ ಏನೆಂದು ಆಗ ಗೊತ್ತಾಯಿತು. ಸ್ಟ್ರೆಚರಿನ ಗಾಲಿಯ ಸದ್ದಿಗೆ ಎದ್ದು ನಿಲ್ಲುತ್ತಿದ್ದೆ. ಅವ್ವನ ಬಾಯಿ ಸೊಟ್ಟಗಾಗಿದೆಯೇ, ಮಾತು ತೊದಲುತ್ತಿದೆಯೇ ಎಂದು ಪ್ರತಿ ಸಲ ಒಳಗೆ ಹೋದಾಗಲೂ ಅವಳ ಮುಖವನ್ನು ಪರೀಕ್ಷೆಗೆ ಬಂದ ವಸ್ತುವಿನಂತೆ ನೋಡುತ್ತಿದ್ದೆ.

“ಹಂಗ್ಯಾಕ ನೋಡ್ತಿ? ನಾ ಏನ್ ನಿಮ್ಮ ಕಂಪನಿ ಮಾಲೇನು?” ಅಂದಳು ಒಮ್ಮೆ.

ತೊದಲಲಿಲ್ಲ.

ಮಾರನೇ ದಿನದ ಎಕೋದಲ್ಲಿ ಅಂಟಿಕೊಂಡಿದ್ದ ಬಾಗಿಲು ಸ್ವಲ್ಪ ಅಲುಗಾಡಿತ್ತು. ಅದರ ಮುಂದಿನ ದಿನ ಇನ್ನಷ್ಟು. ಡಾಕ್ಟರಮ್ಮ ಕರೆದು ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಹಾಕಿದರು. ಟಿಕ್. ಟಿಕ್. ನಾನು ಅದನ್ನು ಕಿವಿಯಿಂದ ತೆಗೆದೆ. ಇಲ್ಲದೆಯೂ ಕೇಳಿಸುತ್ತಿತ್ತು.

ಮನೆಗೆ ಬಂದ ಮೇಲೆ ಅವ್ವ ಸಭಾಪಾಲಕರನ್ನು ಕೇಳಿ ಮತ್ತೆ ಒಂದು ಭಾನುವಾರ ಸಾಕ್ಷಿಗೆ ಎದ್ದಳು. ಬೇಡವ್ವ, ಎಲ್ಲರ ಮುಂದೆ ಯಾಕೆ ಎಂದು ನಾನು ಸೆರಗು ಜಗ್ಗಿದೆ. ನನ್ನ ಕೈ ಸರಿಸಿದಳು.

“ಹ್ವಾದ ಸಲ ಪೂರಾ ಗುಣಾ ಆಗೀನಿ ಅಂದಿದ್ದೆ. ತಪ್ಪು ಹೇಳಿದ್ದೆರಿ. ಕರ್ತನು ನನಗ ಒಮ್ಮೆಲೇ ಪೂರಾ ಕೊಟ್ಟಿಲ್ಲ. ಹೊಟ್ಟಿಗಿ ಕೊಟ್ಟಂಗ, ದಿನಾ ಅವತ್ತಿಂದು ಅವತ್ತ ಕೊಡ್ತಾನ. ನಿನ್ನಿ ರೊಟ್ಟಿ ತಿಂದೀನಿ ಅಂತ ಇವತ್ತ ಉಪವಾಸ ಕುಂಡ್ರತೀವೇನು? ನಾ ಕುಂತಿದ್ದೆ. ದಿನಾ ಕೊಡ್ತಾನಲ್ಲ, ಅದಕ್ಕ ಅವನಿಗೆ ಸ್ತೋತ್ರ. ನೀವ್ಯಾರೂ ಗುಳಿಗಿ ಬಿಡಬ್ಯಾಡ್ರಿ.”

ಯಾರೋ ನಕ್ಕರು. ಮಹಿಳಾ ಕೂಟದ ಸುಲೋಚನಕ್ಕ ಮಾತ್ರ ನಗದೆ, ತಮ್ಮ ಪರ್ಸನ್ನು ತೆರೆದು ಒಳಗಿದ್ದ ಗುಳಿಗೆಗಳನ್ನು ನೋಡಿ, ಮತ್ತೆ ಮುಚ್ಚಿದರು.

ನನ್ನ ಹೆದರಿಕೆ ಹೋಗಿಲ್ಲ. ಅವಳ ಟೆಸ್ಟ್ ರಿಪೋರ್ಟ್ ಬರುವ ದಿನ ಲ್ಯಾಬಿನಲ್ಲಿ ಮತ್ತೆ ಮತ್ತೆ ಫೋನ್ ನೋಡುತ್ತೇನೆ. ಗುಂಪಿನಲ್ಲಿ, ಬಸ್ಸಿನಲ್ಲಿ, ಹಾಡಿನ ನಡುವೆ ಅವ್ವನ ಸದ್ದು ಕೇಳಿಸದಿದ್ದರೆ ಅವಳ ಹತ್ತಿರ ಸರಿದು ಕಿವಿಗೊಡುತ್ತೇನೆ. ಇದು ಹೋಗುವುದೂ ಇಲ್ಲ ಅಂದುಕೊಂಡಿದ್ದೇನೆ. ಹೆದರಿಕೆ ಇಟ್ಟುಕೊಂಡೇ ಸ್ತೋತ್ರ ಹೇಳಲು ಬರುತ್ತದೆ ಎಂಬುದನ್ನು ಐಸಿಯುನಲ್ಲಿ ಅವ್ವ ಕಲಿಸಿದಳು. ನನಗೆ ಸದ್ಯಕ್ಕೆ ಅಷ್ಟು ಸಾಕು.

ಈಗ ಗುಳಿಗೆ ಡಬ್ಬಿಯಲ್ಲಿ ಇರುವುದಿಲ್ಲ. ಸಂಜೆ ಅವ್ವ ಅದನ್ನು ತಟ್ಟೆಯಲ್ಲಿ, ರೊಟ್ಟಿಯ ಪಕ್ಕ, ನನಗೆ ಕಾಣುವಂತೆ ಇಡುತ್ತಾಳೆ. ರೊಟ್ಟಿಗೆ, ಪಲ್ಯಕ್ಕೆ, ಗುಳಿಗೆಗೆ, ಮೂರಕ್ಕೂ ಸೇರಿಸಿ ಸ್ತೋತ್ರ ಹೇಳುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ನಾನು ಮೊದಲೇ ಎದ್ದು ಫ್ಯಾನ್ ಆರಿಸಿ ಬಂದಿರುತ್ತೇನೆ.

ಆಮೆನ್ ಅನ್ನಲು ಸ್ವಲ್ಪ ತಡಮಾಡುತ್ತೇನೆ. ಅವ್ವನಿಗೆ ಅದು ಗೊತ್ತು. ಕಣ್ಣು ಮುಚ್ಚಿಕೊಂಡೇ ಅನ್ನುತ್ತಾಳೆ:

“ಕೇಳಿಸ್ತಿಲ್ಲೋ? ಇನ್ನರ ಆಮೆನ್ ಅನ್ನು. ಶೆಕಿ ಆಗ್ಲಿಕತ್ತದ.”