ವ್ರತದಂತೆ ಮುಗಿಸಿದ ಗುಳಿಗೆ

ನಮ್ಮ ಮನೆಯವರ ಗುಳಿಗೆ ನಿಲ್ಲಿಸಿದವಳು ನಾನೇ. ಊರವರು ಆಯುಷ್ಯ ಅಷ್ಟೇ ಇತ್ತು ಅನ್ನುತ್ತಾರೆ. ಅನ್ನಲಿ.

ಅವರ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು ಗುಡಗೇರಿಯ ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟಿದ್ದರು. ತೊಗರಿಬೇಳೆಗಿಂತ ತುಸು ದೊಡ್ಡದು. "ಸಣ್ಣ ಡೋಸಿನಿಂದ ಶುರು ಮಾಡೂಣು, ಮೂರು ತಿಂಗಳಿಗೆ ರಕ್ತ ನೋಡೂಣು" ಅಂದರು. ದಿನಾ ಊಟವಾದ ಮೇಲೆ ಇವರು ಮಾತಿಲ್ಲದೆ ಎಡಗೈ ಚಾಚುತ್ತಿದ್ದರು, ನಾನು ಗುಳಿಗೆ ಇಡುತ್ತಿದ್ದೆ. ಮೂರು ತಿಂಗಳಿಗೆ ನಂಬರು ಡಾಕ್ಟರು ಬೇಕೆಂದಲ್ಲಿಗೆ ಇಳಿಯಿತು. ಡೋಸು ಏರಿಸುವುದು ಬೇಡ, ಇದನ್ನೇ ನಡೆಸಿರಿ ಎಂದು ಕಳಿಸಿದರು.

ನನಗೆ ಗೊತ್ತಿದ್ದದ್ದು ಸೋಮವಾರದ ವ್ರತ. ಹದಿನಾರು ವಾರ ಹಿಡಿದು, ಬೇಡಿದ್ದು ಕೈಗೂಡಿದರೆ ಹೋಳಿಗೆ ಮಾಡಿ ನಾಲ್ಕು ಜನಕ್ಕೆ ಉಣಿಸಿ ಮುಗಿಸುತ್ತೇವೆ. ಗುಳಿಗೆಯನ್ನೂ ಹಾಗೇ ಮುಗಿಸಿದೆ. ಹೋಳಿಗೆ, ತುಪ್ಪ ಬಡಿಸಿದೆ. ಗೋಡೆಯಾಚೆಯ ಮೈದುನನೂ ಉಣ್ಣಲು ಬಂದಿದ್ದ. ಅವನಿಗೂ ಅದೇ ಗುಳಿಗೆ ಇತ್ತು.

"ಹಂಗಂದ್ರ ನನ್ನದೂ ಮುಗೀತು ನೋಡ್ರಿ ವೈನಿ" ಎಂದು ನಕ್ಕ. ನಾನೂ ನಕ್ಕೆ. ಅಂದಿನಿಂದ ಅವನೂ ಗುಳಿಗೆ ಬಿಟ್ಟ.

ಎರಡನೆಯ ವರ್ಷ, ಕಡಲೆ ಕೀಳುವಾಗ ಇವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರು. ನೀರು ತರುವಷ್ಟರಲ್ಲಿ ಇರಲಿಲ್ಲ.

ಗುಳಿಗೆಯ ಮಾತು ನಾನು ಯಾರ ಮುಂದೆಯೂ ಎತ್ತಲಿಲ್ಲ. ಊಟ ಮುಗಿಸಿ ತಾಟು ಎತ್ತುವಾಗ ಮಾತ್ರ ಆ ಎಡಗೈ ಕಣ್ಣ ಮುಂದೆ ಬರುತ್ತದೆ, ಉಗುರಿನ ಸಂದಿಯ ಎರೆಮಣ್ಣು ಸಹಿತ. ಎದ್ದು ಹೊರಗೆ ಹೋದರೆ ಅಲ್ಲಿ ಮೈದುನ. ಅದೇ ನಡಿಗೆ, ಅದೇ ಕೆಮ್ಮು. ವಯಸ್ಸಾದಂತೆ ಅಣ್ಣನ ಮುಖ ಅವನಿಗೆ ಇಳಿಯುತ್ತಿತ್ತು. ನಾನು ತಿರುಗಿ ಒಳಗೆ ಬರುತ್ತಿದ್ದೆ.

ಹೋದ ತಿಂಗಳು ನನ್ನ ರಕ್ತ ತೋರಿಸಲು ಹೋದೆ. ಡಾಕ್ಟರು ನನಗೂ ಅದೇ ಸಣ್ಣ ಗುಳಿಗೆ ಬರೆದರು. ಆಗ ಬಾಯಿಬಿಟ್ಟೆ.

"ನಮ್ಮ ಮನಿಯವರಿಗೆ ನಂಬರು ಇಳಿದ ಮ್ಯಾಲ ನಾ ಇದನ್ನ ನಿಲ್ಲಿಸಿದ್ನಿರಿ."

ಅವರು ಪೆನ್ನು ಕೆಳಗಿಟ್ಟರು. "ಅದನ್ನ ಇಳಿಸಿ ಹಿಡಿದಿದ್ದಽ ಆ ಗುಳಿಗಿ, ಅಜ್ಜಿ. ಬಿಟ್ರ ಮತ್ತ ಏರತೈತಿ."

"ಅದರಿಂದನಽ ಹೋದರೇನ್ರಿ?"

"ಅದನ್ನ ಯಾರೂ ಖಾತ್ರಿ ಮಾಡಿ ಹೇಳಾಕ ಆಗೂದಿಲ್ಲರಿ."

ನನಗೆ ಖಾತ್ರಿ ಬೇಕಿರಲಿಲ್ಲ. ಬಸ್ಸಿಳಿದು ಬಂದಾಗ ಮೈದುನ ಕಟ್ಟೆಯ ಮೇಲೆ ಕೂತು ಎಡ ಭುಜ ತಿಕ್ಕಿಕೊಳ್ಳುತ್ತಿದ್ದ. ನಾನು ಏನೂ ಹೇಳದೆ ದಾಟಿ ಹೋದೆ. "ನಮ್ಮಣ್ಣನನ್ನು ತಿಂದವಳು ನೀನು" ಎಂದು ಅವನು ಅಂದರೆ, ಉಳಿದ ದಿನ ಅವನ ಬಾಜು ಹೇಗೆ ಬದುಕಲಿ ಎಂಬ ಹೆದರಿಕೆ.

ಮರುದಿನ ಬೆಳಿಗ್ಗೆ ಅವನು ಚಹಾ ಕುಡಿಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ.

"ತಮ್ಮಾ, ನಿಮ್ಮಣ್ಣನ ಗುಳಿಗಿ ಬಂದ್ ಮಾಡಿ ತಪ್ಪು ಮಾಡಿದ್ನಿ. ನಿಂದೂ ನನ್ನ ಮಾತಿಗೆ ನಿಂತೈತಿ. ಏಳು."

"ನಾ ಅಗದಿ ಆರಾಮ ಅದೀನಿ ವೈನಿ."

"ಅವರೂ ಆರಾಮಽ ಇದ್ದರು."

ಅವನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಚಪ್ಪಲಿ ಮೆಟ್ಟಿದ. ಮೊದಲ ಬಸ್ಸಿಗೆ, ಖಾಲಿ ಹೊಟ್ಟೆಯಲ್ಲಿ, ಅವನನ್ನು ಡಾಕ್ಟರ ಹತ್ತಿರ ರಕ್ತ ತೋರಿಸಲು ಕರೆದುಕೊಂಡು ಹೋದೆ.